ದೊಡ್ಡ ರೇಡಿಯೇಟರ್ ತರಿಸುವ ಮುನ್ನ: ಗೆಳೆಯನಿಗೊಂದು ಪತ್ರ

ಪೊನ್ನಂಪೇಟೆ ಸಮೀಪ, ಕೊಡಗು

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನೀನು ಜೋಡಿಸುತ್ತಿರುವ ಪುಟ್ಟ ವಿಮಾನದ ಕಿಟ್‌ನೊಂದಿಗೆ ಬಂದ ರೇಡಿಯೇಟರ್ ನೋಡಲು ತೀರ ಚಿಕ್ಕದಾಗಿದೆಯೆಂದೂ, ಮೈಸೂರಿನ ಬೇಸಿಗೆಗೆ ಅದು ಸಾಲದೆಂದೂ, ದೊಡ್ಡದೊಂದನ್ನು ತರಿಸುವ ಯೋಚನೆಯಿದೆಯೆಂದೂ ಬರೆದಿದ್ದೀಯೆ. ಸ್ವಲ್ಪ ತಡೆ. ನಿನ್ನದೂ ನನ್ನದೂ ಒಂದೇ ರೋಟಾಕ್ಸ್ 912 ಯುಎಲ್‌ಎಸ್ ವಿಮಾನ ಎಂಜಿನ್ ಆದ್ದರಿಂದ, ಇಲ್ಲಿ ಎಂಜಿನ್ ಕೂರಿಸುವಾಗ ನಾನು ಗಮನಿಸಿದ್ದನ್ನು ಮೊದಲು ಓದು.

ಎಂಜಿನ್ನನ್ನು ಮೌಂಟಿಗೆ, ಅಂದರೆ ಅದನ್ನು ಹೊರುವ ಕೊಳವೆಗಳ ಚೌಕಟ್ಟಿಗೆ, ಸೇರಿಸುವುದೇ ದೊಡ್ಡ ಸಾಹಸವೆಂದು ನೋಡುವವರಿಗೆ ಅನ್ನಿಸುತ್ತದೆ, ಹಾಗೇನೂ ಇಲ್ಲ. ಅದರ ತೂಕ ಸುಮಾರು 60 ಕೆ.ಜಿ. ಮಾತ್ರ. ಕಾಫಿ ಗೋದಾಮಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿದರೆ ಇಬ್ಬರು ನಿಧಾನವಾಗಿ ಎತ್ತಿ ಕೂರಿಸಬಹುದು. ಬೋಲ್ಟುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ, ನಟ್ಟಿನಿಂದ ಮೌಂಟಿನವರೆಗೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆ; ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಆದರೆ ಎಂಜಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದರಿಂದ, ಸ್ಟಾರ್ಟ್ ಮಾಡುವಾಗಲೂ ನಿಲ್ಲಿಸುವಾಗಲೂ ಅದು ನೀನು ಊಹಿಸುವುದಕ್ಕಿಂತ ಹೆಚ್ಚು ಅಲುಗಾಡುತ್ತದೆ. ಆದ್ದರಿಂದ ಯಾವ ಹೋಸನ್ನೂ ಬಿಗಿಯಾಗಿ ಎಳೆದು ಕಟ್ಟಬೇಡ, ಯಾವುದೂ ಮೌಂಟಿನ ಕೊಳವೆಗೆ ಉಜ್ಜದಂತೆ ನೋಡಿಕೋ.

ಇನ್ನು ನೀರಿನ ದಾರಿ. ಈ ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್‌ಗಳನ್ನು (ಸಿಲಿಂಡರ್‌ಗಳ ತಲೆಯ ಭಾಗ) ಕೂಲೆಂಟ್ ಎಂಬ ದ್ರವ ತಂಪು ಮಾಡಿದರೆ, ಸಿಲಿಂಡರ್‌ಗಳನ್ನು ಗಾಳಿಯೇ ತಂಪು ಮಾಡಬೇಕು. ಪಂಪು ರೇಡಿಯೇಟರಿನಿಂದ ಎಳೆದ ಕೂಲೆಂಟನ್ನು ನಾಲ್ಕೂ ಹೆಡ್‌ಗಳಿಗೆ ಬೇರೆಬೇರೆ ಹೋಸುಗಳಲ್ಲಿ ತಳ್ಳುತ್ತದೆ. ಅದು ಹೆಡ್‌ಗಳ ಮೇಲ್ಭಾಗದಿಂದ ಹೊರಟು ಬಿಸಿಗೆ ಹಿಗ್ಗಿದ ಕೂಲೆಂಟಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಸೇರಿ, ಅಲ್ಲಿಂದ ರೇಡಿಯೇಟರಿಗೆ ಮರಳುತ್ತದೆ. ಈ ಟ್ಯಾಂಕ್ ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಕೌಲಿಂಗ್ (ಎಂಜಿನ್ನಿನ ಹೊರಹೊದಿಕೆ) ಮುಚ್ಚುವುದಿಲ್ಲವೆಂದು ಅದನ್ನು ಒಂದೆರಡು ಅಂಗುಲ ಕೆಳಗಿಳಿಸಿದರೆ, ಗಾಳಿಯ ಗುಳ್ಳೆ ಹೆಡ್ಡಿನಲ್ಲೇ ಸಿಕ್ಕಿಕೊಂಡು, ಮೀಟರ್ ಸರಿಯಾಗಿ ತೋರಿಸುತ್ತಿರುವಾಗಲೇ ಒಂದು ಮೂಲೆ ಸುಡುತ್ತಿರುತ್ತದೆ. ನಮ್ಮಲ್ಲಿ ಮಂಜುಗಡ್ಡೆ ಕಟ್ಟುವುದಿಲ್ಲ, ಬರೀ ನೀರು ಸಾಲದೇ ಎಂದು ಕೇಳಬೇಡ. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಮೇಲೇರಿದಂತೆ ಇನ್ನೂ ಬೇಗ. ಸವೆತ ತಡೆಯುವ ರಾಸಾಯನಿಕ ಬೆರೆತ ಎಥಿಲೀನ್ ಗ್ಲೈಕಾಲ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ಮೇಲೆ ಒತ್ತಡ ಹಿಡಿದಿಡುವ ಸರಿಯಾದ ಪ್ರೆಷರ್ ಕ್ಯಾಪ್: ಕುದಿಯುವುದನ್ನು ಹಿಂದಕ್ಕೆ ತಳ್ಳುವುದು, ಅಲ್ಯುಮಿನಿಯಂ ಸವೆಯದಂತೆ ಕಾಯುವುದು ಇವೇ.

ಈಗ ನಿನ್ನ ರೇಡಿಯೇಟರಿನ ಮಾತು. ಚಿಕ್ಕದೆಂದು ದೂರು ಕೇಳಿ ನಾನು ನೋಡಿದ ಕಡೆಗಳಲ್ಲೆಲ್ಲ ದೋಷ ಅದರ ಅಳತೆಯಲ್ಲಿರಲಿಲ್ಲ, ಗಾಳಿಯ ದಾರಿಯಲ್ಲಿತ್ತು. ಬದುವಿನಲ್ಲಿ ಏಡಿ ತೂತು ಕೊರೆದಿದ್ದರೆ ತೋಡಿನಲ್ಲಿ ಎಷ್ಟು ನೀರಿದ್ದರೂ ಗದ್ದೆಯಲ್ಲಿ ನಿಲ್ಲುವುದಿಲ್ಲವಲ್ಲ, ಗಾಳಿಯೂ ಹಾಗೆಯೇ: ರೇಡಿಯೇಟರಿನ ಸುತ್ತ ಬೆರಳು ತೂರುವಷ್ಟು ಸಂದಿ ಬಿಟ್ಟರೆ ಅಲ್ಲಿಂದಲೇ ಜಾರಿಹೋಗುತ್ತದೆ, ಸಂದುಗೊಂದಿನ ಪಟ್ಟಿಗಳೊಳಗೆ ನುಗ್ಗುವ ಕಷ್ಟವನ್ನು ಅದೇಕೆ ಪಡಬೇಕು? ನಾಲ್ಕೂ ಕಡೆ ರಬ್ಬರ್ ಶೀಟಿನಿಂದ ಮುಚ್ಚು. ಆಮೇಲೆ ಹೊರಹೋಗುವ ಬಾಯನ್ನು ನೋಡು. ಬಿಸಿಯಾದ ಗಾಳಿ ಹಿಗ್ಗುವುದರಿಂದ ಆ ಬಾಯಿ ಒಳಬರುವ ಬಾಯಿಗಿಂತ ದೊಡ್ಡದಿರಬೇಕು, ಮತ್ತು ಕೌಲಿಂಗಿನ ಕೆಳಅಂಚಿಗೆ ಹೊರಕ್ಕೆ ಬಾಗಿದ ಸಣ್ಣ ತುಟಿಯೊಂದನ್ನು ಕೂರಿಸಿದರೆ ಅದರ ಹಿಂದೆ ಒತ್ತಡ ಇಳಿದು ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇಷ್ಟನ್ನು ಮಾಡಿಯೂ, ಬೇಸಿಗೆಯ ಮಧ್ಯಾಹ್ನ ಪೂರ್ತಿ ಶಕ್ತಿಯಲ್ಲಿ ಏರುವಾಗ ಕೂಲೆಂಟ್ 120 ಡಿಗ್ರಿಯ ಮಿತಿಯತ್ತ ಹೋದರೆ ಮಾತ್ರ ದೊಡ್ಡದರ ಮಾತೆತ್ತು.

ಏಕೆಂದರೆ ಹೆಚ್ಚು ತಂಪೂ ಕೇಡೇ. ಪುತ್ತರಿ ಸುಗ್ಗಿಹಬ್ಬ ಕಳೆದು ಗದ್ದೆ ಒಣಗಿದ ಮೇಲಿನ ಮುಂಜಾವುಗಳಲ್ಲಿ ಇಲ್ಲಿ ಮಂಜು ಕರಗುವುದು ತಡವಾಗಿ, ಆಯಿಲ್ ಬಿಸಿಯಾಗುವುದು ಅದಕ್ಕಿಂತ ತಡ. ಹಾರುವ ಮುನ್ನ ಅದು ಕನಿಷ್ಠ 50 ಡಿಗ್ರಿ ಮುಟ್ಟಲೇಬೇಕು. ಹಾರಾಟದಲ್ಲಿ 90ರಿಂದ 110ರ ನಡುವೆ ಇದ್ದರೆ ಚೆಂದ. ಹಾರಿದ ದಿನ ಒಮ್ಮೆಯಾದರೂ 100 ಡಿಗ್ರಿ ಕಾಣದಿದ್ದರೆ ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗದೆ ಅಲ್ಲೇ ಉಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಎಂಜಿನ್ನನ್ನು ಸುಮ್ಮನೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು ಉಪಕಾರವಲ್ಲ, ಅಪಕಾರ. ಹಾಗಾಗಿ ಆಯಿಲ್ ಸಾಲಿನಲ್ಲಿ, ಬಿಸಿಯಾಗುವವರೆಗೆ ಆಯಿಲ್ ಕೂಲರಿನತ್ತ ಹೋಗುವುದನ್ನು ತಡೆಯುವ ಥರ್ಮೋಸ್ಟಾಟ್ ಹಾಕಿಸು ಎನ್ನುವುದು ನನ್ನ ಸಲಹೆ.

ಆಯಿಲ್ ಹೋಸಿನ ವಿಷಯದಲ್ಲಿ ಮಾತ್ರ ಯಾರ ಅವಸರಕ್ಕೂ ಮಣಿಯಬೇಡ. ಪಂಪು ಆಯಿಲನ್ನು ಟ್ಯಾಂಕಿನಿಂದ ಕೂಲರ್ ಮೂಲಕ ಎಳೆದುಕೊಳ್ಳುವುದರಿಂದ, ಆ ದಾರಿಯಲ್ಲಿ ಹೋಸನ್ನು ಬಿಗಿಹಿಡಿಯುವ ಕ್ಲಾಂಪ್ ಸಡಿಲವಾಗಿದ್ದರೆ ಎಂಜಿನ್ ಓಡುವಾಗ ಹೊರಗೆ ಒಂದು ಹನಿಯೂ ತೊಟ್ಟಿಕ್ಕದೆ ಒಳಕ್ಕೆ ಗಾಳಿ ಸೇರಬಹುದು. ಮೊದಲ ಸ್ಟಾರ್ಟಿಗೆ ಮುನ್ನ ಕೈಪಿಡಿಯಲ್ಲಿರುವಂತೆ ಆಯಿಲ್ ಸಾಲಿನ ಗಾಳಿ ಪೂರ್ತಿ ತೆಗೆದು, ಮೀಟರಿನಲ್ಲಿ ಒತ್ತಡ ಕಂಡ ಮೇಲೆಯೇ ಮುಂದುವರಿ. ಆಯಿಲ್ ಮಟ್ಟ ನೋಡುವಾಗ ಎರಡೂ ಇಗ್ನಿಷನ್ ಆಫ್ ಮಾಡಿ, ಪ್ರೊಪೆಲ್ಲರನ್ನು ಅದು ಸುತ್ತುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಹೋಗು. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಕೇಳಿದ ಮೇಲೆ ಅಳತೆ ಕಡ್ಡಿ ಎತ್ತು. ಹಿಂದಕ್ಕೆ ಎಂದೂ ತಿರುಗಿಸಬೇಡ.

ಇನ್ನೊಂದು, ಇದು ಯಾವ ಕೈಪಿಡಿಯಲ್ಲೂ ಸಿಗದು: ಮಣ್ಣಿನ ಗೂಡು ಕಟ್ಟುವ ಕಡಜಗಳಿಗೆ ಆಯಿಲ್ ಟ್ಯಾಂಕಿನ ಗಾಳಿ ಕೊಳವೆ ಬಹಳ ಇಷ್ಟ. ವಿಮಾನ ನಿಂತಿರುವಾಗ ಅದರ ಬಾಯಿಗೆ ಕೆಂಪು ಬಟ್ಟೆ ಸುತ್ತಿಡು, ಹಾರುವ ಮುನ್ನ ನೆನಪಿನಿಂದ ತೆಗೆ.

ಮೊದಲ ಓಟದ ನಂತರ ಎಲ್ಲವೂ ಪೂರ್ತಿ ತಣ್ಣಗಾಗಲು ಬಿಟ್ಟು ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿ ಮಾಡು. ಬಿಸಿಗೆ ಹೋಸು ಮೆತ್ತಗಾಗಿ ಕೂತಿರುತ್ತದೆ. ಗಾಳಿಯ ಎರಡೂ ಬಾಯಿಗಳನ್ನು ಅಳೆದು ನನಗೆ ಬರೆ, ಅಲ್ಲಿಯವರೆಗೆ ರೇಡಿಯೇಟರಿಗೆ ದುಡ್ಡು ಕಟ್ಟಬೇಡ. ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ನಿನ್ನಲ್ಲಿ ಇಲ್ಲವಾದರೆ ತಿಳಿಸು, ಮೈಸೂರಿಗೆ ಬರುವವರ ಕೈಯಲ್ಲಿ ನನ್ನದನ್ನೇ ಕಳುಹಿಸುತ್ತೇನೆ.

ಇಂತಿ ನಿನ್ನ,
ಗೆಳೆಯ