ಫ್ರೀಜರಿನಲ್ಲಿಟ್ಟ ಇನ್ಸುಲಿನ್

ಕೇಂಬ್ರಿಜ್, ಭಾನುವಾರ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಗೂ ಹೇಳು.

ಅಪ್ಪನ ಇನ್ಸುಲಿನ್ ಬಾಟಲಿ ಫ್ರೀಜರಿನಲ್ಲಿ ಐಸಾಗಿತ್ತು, ಕರಗಿಸಿ ಅದನ್ನೇ ಹಾಕುತ್ತಿದ್ದೇವೆ, ಶುಗರ್ ಇಳಿಯುತ್ತಿಲ್ಲ ಅಂತ ಬರೆದಿದ್ದೀಯಲ್ಲ, ಓದಿ ಎದೆ ಧಸಕ್ಕೆಂದಿತು. ತಕ್ಷಣ ಫೋನ್ ಮಾಡಿದರೆ ಅಪ್ಪ, "ನೋಡೋಕೆ ಚೆನ್ನಾಗೇ ಇದೆ, ದುಡ್ಡು ಕೊಟ್ಟು ತಂದಿದ್ದು" ಅಂತಾನೆ. ಇದನ್ನು ಅವನಿಗೆ ಓದಿ ಹೇಳು.

ಇನ್ಸುಲಿನ್ ಒಂದು ಪ್ರೋಟೀನ್. ನೀನು ಮಲ್ಲಿಗೆ, ಕನಕಾಂಬರ ಸೇರಿಸಿ ಕಟ್ಟುತ್ತೀಯಲ್ಲ, ಹಾಗೆ ಅಮೈನೋ ಆಮ್ಲ ಅನ್ನೋ ಸಣ್ಣ ತುಣುಕುಗಳನ್ನು ಹೂವಿನಂತೆ ಪೋಣಿಸಿದ ಎರಡು ದಂಡೆ. ಒಂದರಲ್ಲಿ 21, ಇನ್ನೊಂದರಲ್ಲಿ 30. ಯಾವುದರ ಪಕ್ಕ ಯಾವುದು ಅಂತ ಪೂರ್ತಿ ಕಂಡುಹಿಡಿದದ್ದು ಇದೇ ಊರಿನಲ್ಲಿದ್ದ ಫ್ರೆಡರಿಕ್ ಸ್ಯಾಂಗರ್. 1958ರಲ್ಲಿ ನೊಬೆಲ್ ಬಂತು. ಪ್ರೋಟೀನಿನ ಆಕಾರಕ್ಕೆ ನಾಲ್ಕು ಹಂತ. ಈ ಸಾಲು ಮೊದಲನೆಯದು. ಆಮೇಲೆ ದಂಡೆ ಅಲ್ಲಲ್ಲಿ ಸುರುಳಿ ಸುತ್ತುತ್ತದೆ, ಎರಡನೆಯದು. ಜಡೆ ಸುತ್ತಿ ತುರುಬು ಕಟ್ಟಿದ ಹಾಗೆ ಎಲ್ಲ ಮಡಚಿಕೊಳ್ಳುವುದು ಮೂರನೆಯದು. ಗಂಧಕದ ಕೊಂಡಿಗಳೇ ಹೇರ್‌ಪಿನ್ನು. ಬಾಟಲಿಯಲ್ಲಿ ಇಂಥ ಆರು ತುರುಬು ಸತುವನ್ನು ನಡುವೆ ಇಟ್ಟುಕೊಂಡು ಕೂತಿರುತ್ತವೆ, ನಾಲ್ಕನೆಯದು. ಮೈಗೆ ಹೋದಮೇಲೆ ಬಿಡಿಬಿಡಿಯಾಗಿ ಕೆಲಸ ಮಾಡುತ್ತವೆ.

ಐಸಾದರೆ ದಂಡೆಯ ಒಂದು ಹೂವೂ ಉದುರುವುದಿಲ್ಲ. ತುರುಬು ಕೆಡುತ್ತದೆ, ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಆಕಾರ ಹೋದರೆ ಮೈ ಅದನ್ನು ಗುರುತಿಸಲ್ಲ. ಕಣ್ಣಿಗೆ ಮೊದಲಿನ ಹಾಗೇ ಕಂಡರೂ ನಂಬಬೇಡಿ, ಎಸೆಯಿರಿ. ಹೊಸದನ್ನು ಫ್ರಿಜ್ಜಿನೊಳಗೆ, ಫ್ರೀಜರಿನಿಂದ ಕೆಳಗೆ ಇಡಿ, 2ರಿಂದ 8 ಡಿಗ್ರಿ. ಇನ್ನೊಂದು: ಶುಗರ್ ಇಳಿದಿಲ್ಲ ಅಂತ ಡೋಸ್ ಜಾಸ್ತಿ ಮಾಡಿದ್ದರೆ ಮೊದಲು ಡಾಕ್ಟರಿಗೆ ಹೇಳಿ. ಒಳ್ಳೆ ಇನ್ಸುಲಿನನ್ನೂ ಆ ಜಾಸ್ತಿ ಡೋಸಿನಲ್ಲೇ ಹಾಕಿದರೆ ಶುಗರ್ ತೀರಾ ಇಳಿದುಬಿಡುತ್ತದೆ. ಬಾಟಲಿ ಫ್ರೀಜರಿನಲ್ಲಿಟ್ಟ ಅಂತ ಪುಟ್ಟನನ್ನು ಬೈಯಬೇಡ, ಅವನಿಗೇನು ಗೊತ್ತು.

ಇಲ್ಲಿ ಮೊಸರಿನ ಡಬ್ಬಿ ಮೇಲೂ ಪ್ರೋಟೀನ್ ಎಷ್ಟು ಗ್ರಾಂ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಕೋಸಂಬರಿ ಇಷ್ಟು ಜಂಬ ಯಾವತ್ತೂ ಕೊಚ್ಚಿಲ್ಲ. ಲ್ಯಾಬಿನಲ್ಲಿ ಯಾವ ಪ್ರೋಟೀನಿನ ಮಾದರಿ ಮಾಡಿದರೂ ಸರಿಯಿದೆಯಾ ಅಂತ ರಾಮಚಂದ್ರನ್ ನಕ್ಷೆಗೆ ಹಾಕಿ ನೋಡುತ್ತಾರೆ; ದಂಡೆ ಹೇಗೆಲ್ಲ ತಿರುಗಬಹುದು ಅಂತ ತೋರಿಸುವ ನಕ್ಷೆ ಅದು, ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಹೆಸರಿನದು. ರಾಮಚಂದ್ರನ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) ಓದಿದವರು ಅಂತ ಕೇಳದಿದ್ದರೂ ಎಲ್ಲರಿಗೂ ಹೇಳುತ್ತೇನೆ!

ನನ್ನ ಚಿಂತೆ ಬೇಡವೇ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ಕೆಮ್ಮು ಹೋಗಿದೆ, ಹೆಚ್ಚುಕಮ್ಮಿ. ಹೊಸ ಬಾಟಲಿಗೆ ದುಡ್ಡು ಹಾಕಿದ್ದೇನೆ. ಹಳೆಯದನ್ನು ಎಸೆದೆ ಅಂತ ಅಪ್ಪನ ಬಾಯಲ್ಲೇ ಹೇಳಿಸು. ಬಸ್ಸಿಗೆ ಹೊತ್ತಾಯಿತು.

ನಿನ್ನ
ಸುಮಾ