ಪಾರ್ಲರ್ ಹೊಗೆ ಯಾರ ಕಣ್ಣಿಗೂ ಬೀಳುವುದಿಲ್ಲವೇ?

ಮಾನ್ಯರೇ,

ಗುಂಗುರು ಕೂದಲನ್ನು ನೇರ ಮಾಡುವ ಹೇರ್ ರಿಲ್ಯಾಕ್ಸರ್ ಕ್ರೀಮಿನಿಂದ ಗರ್ಭಕೋಶದ ಕ್ಯಾನ್ಸರ್ ಬಂತೆಂದು ಅಮೆರಿಕದ ಹೆಂಗಸರು ಹೂಡಿರುವ ಕೇಸುಗಳ ಬಗ್ಗೆ ನಿಮ್ಮ ವರದಿ ಓದಿದೆ. ಮಾರನೇ ದಿನವೇ ಮಗಳ ಜತೆ ನಮ್ಮ ಬಡಾವಣೆಯ ಪಾರ್ಲರ್‌ನಲ್ಲಿ ಕೂರಬೇಕಾಯಿತು. ಕೂದಲು ನುಣುಪಾಗಿ ನೇರ ಮಾಡುವ ಸ್ಮೂತನಿಂಗ್ ಬೇಕೇ ಬೇಕೆಂದು ಅವಳ ಹಟ. ಕ್ರೀಮ್ ಹಚ್ಚಿ ಬಿಸಿ ಸ್ಟ್ರೈಟ್ನರ್ ಎಳೆದರು ನೋಡಿ, ಎದ್ದ ಹೊಗೆಗೆ ಕಣ್ಣು ಉರಿದು ನೀರು ಸುರಿಯಿತು. ರಾತ್ರಿಯಾದರೂ ಕೆಮ್ಮು ನಿಲ್ಲಲಿಲ್ಲ. ಎಸಿ ಇದೆ ಅಂತ ಕಿಟಕಿ, ಬಾಗಿಲು ಎಲ್ಲ ಬಂದ್. ಕೆಲಸದ ಹುಡುಗಿ ದುಪಟ್ಟಾವನ್ನೇ ಮೂಗಿಗೆ ಕಟ್ಟಿಕೊಂಡಿದ್ದಳು. ಆ ಮಗುವಿಗೆ ದಿನವಿಡೀ ಅದೇ ಗಾಳಿ! ಡಬ್ಬಿ ತೋರಿಸಿ ಅಂದರೆ ಲೇಬಲ್ ಮೇಲೆ ಇನ್ನೊಂದು ಸ್ಟಿಕ್ಕರ್. ‘ಫಾರಿನ್ ಮಾಲು ಆಂಟಿ, ಏನೂ ಆಗಲ್ಲ’ ಅಂದರು ಓನರ್.

ಗಲಾಟೆ ನಡೆಯುತ್ತಿರುವುದೇ ಫಾರಿನ್‌ನಲ್ಲಿ ಅಲ್ವಾ? 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ ಅಲ್ಲಿನ ಸರ್ಕಾರಿ ವಿಜ್ಞಾನಿಗಳು 2022ರಲ್ಲಿ ಹೇಳಿದ್ದೇನು? ಕೂದಲು ನೇರ ಮಾಡುವ ಇಂಥ ಕ್ರೀಮು ಬಳಸದವರಿಗೆ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64. ವರ್ಷಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬಳಸಿದವರಿಗೆ ಶೇ 4.05. ಸಾವಿರಾರು ಕೇಸುಗಳು ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಟ್ಟು ಸೇರಿವೆ. ನಮ್ಮ ಡಾಬರ್‌ನ ಅಂಗಸಂಸ್ಥೆಗಳ ಮೇಲೂ ಕೇಸಿದೆ ಎಂದು 2023ರಲ್ಲಿ ಆ ಕಂಪನಿಯೇ ಷೇರುಪೇಟೆಗೆ ತಿಳಿಸಿತ್ತು. ಕಂಪನಿಗಳು ಆರೋಪ ಒಪ್ಪಿಲ್ಲ, ತೀರ್ಪನ್ನು ಕೋರ್ಟೇ ಕೊಡಲಿ. ಅಲ್ಲಿ ಕೇಳುವವರಾದರೂ ಇದ್ದಾರೆ.

ರಿಲ್ಯಾಕ್ಸರ್ ಬೇರೆ, ಸ್ಮೂತನಿಂಗ್ ಬೇರೆ ಅನ್ನಬಹುದು. ಸರಿ, ಹಾಗಾದರೆ ಇಲ್ಲಿನ ಡಬ್ಬಿಯಲ್ಲಿ ಏನಿದೆ ಹೇಳಿ. ಕೂದಲು ನೇರ ಮಾಡುವ ಕೆಲವು ಕ್ರೀಮುಗಳು ಬಿಸಿ ತಾಗಿದರೆ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ. ಅದರಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದು ಹೊಸ ಸುದ್ದಿಯೇನಲ್ಲ. ಔಷಧ, ಸೌಂದರ್ಯವರ್ಧಕಗಳನ್ನು ನೋಡಿಕೊಳ್ಳುವ ಡ್ರಗ್ಸ್ ಇಲಾಖೆಯ ಕಚೇರಿಗೆ ಫೋನ್ ಮಾಡಿದರೆ ‘ಅದು ನಮಗೆ ಬರಲ್ಲ, ಪಾಲಿಕೆಯವರನ್ನು ಕೇಳಿ’. ಪಾಲಿಕೆಯವರು ‘ಡ್ರಗ್ಸ್ ಇಲಾಖೆ ಕೇಳಿ’. ಸುಮ್ನೆ ಅಲೆದಾಡಿಸುವುದೇ ಇವರ ಕೆಲಸ. 2024ರಲ್ಲಿ ರಾಜ್ಯ ಸರ್ಕಾರದವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಹೊರಡಿಸಿದರು. ನಮ್ಮ ಬೀದಿ ಗಾಡಿಯಲ್ಲಿ ಅದು ಇವತ್ತಿಗೂ ಕೆಂಪಗೇ ಇದೆ. ಬಂದು ನೋಡಿದವರು ಯಾರು? ಚರಂಡಿ ದೂರಿಗೂ ಇದೇ ಗತಿಯಾಗಿತ್ತು.

ಅಧಿಕಾರಿಗಳೇ, ಪಾರ್ಲರ್‌ಗಳನ್ನು ತಪಾಸಣೆ ಮಾಡಿ, ಇಲ್ಲವೇ ಹೆಸರಿಲ್ಲದ ಈ ಡಬ್ಬಿಗಳನ್ನೇ ಮುಟ್ಟುಗೋಲು ಹಾಕಿ. ಏನಾದರೂ ಒಂದು ಮಾಡಿ. ಅದೂ ಆಗದಿದ್ದರೆ ಸಂಬಳ ಯಾಕೆ ತಗೊಳ್ಳುತ್ತೀರಿ?

– ನೊಂದ ಓದುಗಿ, ಬಸವನಗುಡಿ, ಬೆಂಗಳೂರು