ಮಾನ್ಯ ಸದಸ್ಯರೇ, ಆ ದೀಪಕ್ಕೊಂದು ಮುಚ್ಚಳ ಹಾಕಿಸಿ

ನಮ್ಮ ವಾರ್ಡಿನ ಮಾನ್ಯ ಸದಸ್ಯರಿಗೆ, ಉಡುಪಿಯಿಂದ ನಮಸ್ಕಾರ.

ಮೈದಾನದ ಹೈಮಾಸ್ಟ್ ದೀಪದ ಬಗ್ಗೆ ಇದು ನನ್ನ ನಾಲ್ಕನೇ ಪತ್ರ. ಬೀದಿದೀಪದ ಬೆಳಕು ನೆಲಕ್ಕೆ ಬೀಳಬೇಕು, ಆಕಾಶಕ್ಕಲ್ಲ ಅನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಒಂದು ಮುಚ್ಚಳ ಹಾಕಿಸಿ, ಅಷ್ಟೇ ಕೇಳಿದ್ದು.

ಮೂರು ವರ್ಷದಿಂದ ಅದು ಬೆಳಗಿನ ತನಕ ಉರಿಯುತ್ತಿದೆ. ನಮ್ಮನೆ ಹುಂಜ ರಾತ್ರಿ ಎರಡಕ್ಕೇ ಕೂಗುತ್ತದೆ. ಅದು ಹೋಗಲಿ. ಬೇಸಿಗೆ ರಜೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ನನ್ನ ಹತ್ತಿಂಚಿನ ಟೆಲಿಸ್ಕೋಪಿನಲ್ಲಿ ಎನ್‌ಜಿಸಿ 4993 ಎಂಬ ಗ್ಯಾಲಕ್ಸಿ ತೋರಿಸುತ್ತಿದ್ದೆ. ಏಪ್ರಿಲ್ ಕೊನೆಗೆ, ರಾತ್ರಿ ಹನ್ನೊಂದರ ಹೊತ್ತಿಗೆ, ಹಸ್ತಾ ನಕ್ಷತ್ರದ ಸ್ವಲ್ಪ ಪೂರ್ವಕ್ಕೆ, ಕನ್ನಡಿಗೆ ಉಸಿರು ತಾಗಿದ ಹಾಗೆ ಒಂದು ಮಸುಕು. ಈಗ ಅಲ್ಲಿರುವುದು ನೀರು ಮಜ್ಜಿಗೆಯಂಥ ಆಕಾಶ.

ಆ ಮಸುಕೇ ಯಾಕೆ ಅಂತೀರಾ? 2017ರ ಆಗಸ್ಟ್ 17ರಂದು, ಎರಡು ನ್ಯೂಟ್ರಾನ್ ನಕ್ಷತ್ರಗಳ (ಸತ್ತ ದೊಡ್ಡ ನಕ್ಷತ್ರಗಳ ಗಟ್ಟಿ ತಿರುಳು) ಡಿಕ್ಕಿಯಿಂದ ಎದ್ದ ಗುರುತ್ವ ಅಲೆ, ಅಂದರೆ ಜಾಗವನ್ನೇ ಚೂರು ಹಿಗ್ಗಿಸಿ ಕುಗ್ಗಿಸುವ ಅಲೆ, ನಮ್ಮ ಭೂಮಿ ಮುಟ್ಟಿತು. ಅಲೆ ದೂರ ಹೇಳುತ್ತದೆ, ವಿಳಾಸ ಸರಿಯಾಗಿ ಹೇಳುವುದಿಲ್ಲ. ಸಿಕ್ಕಿದ್ದು ನೂರಕ್ಕೂ ಜಾಸ್ತಿ ಹುಣ್ಣಿಮೆ ಚಂದ್ರ ಹಿಡಿಸುವಷ್ಟು ದೊಡ್ಡ ಆಕಾಶದ ತುಂಡು. ಅಲ್ಲಿ ಅಷ್ಟೇ ದೂರದಲ್ಲಿರುವ ಗ್ಯಾಲಕ್ಸಿಗಳ ಪಟ್ಟಿ ಹಿಡಿದು, ಹೊಸ ಪೋಸ್ಟ್‌ಮ್ಯಾನ್ ಹಾಗೆ ಮನೆಮನೆ ಹುಡುಕಿದರು. ಸುಮಾರು 11 ಗಂಟೆಯ ಮೇಲೆ ಚಿಲಿಯ ಟೆಲಿಸ್ಕೋಪೊಂದಕ್ಕೆ ಆ ಡಿಕ್ಕಿಯ ಬೆಳಕು ಸಿಕ್ಕಿತು: 13 ಕೋಟಿ ಬೆಳಕಿನ ವರ್ಷ ದೂರದ ಇದೇ ಗ್ಯಾಲಕ್ಸಿ. ಕಪ್ಪು ಕುಳಿಗಳು ಡಿಕ್ಕಿಯಾದರೆ ಸಾಮಾನ್ಯವಾಗಿ ಬೆಳಕೂ ಕಾಣುವುದಿಲ್ಲ. ಆಗ ಗ್ಯಾಲಕ್ಸಿಗಳು ಎಲ್ಲೆಲ್ಲಿ ಗುಂಪಾಗಿವೆ ಎಂಬ ನಕ್ಷೆಯೇ ಗತಿ. ಅಂಥ ಎಷ್ಟೋ ಅಲೆಗಳನ್ನು ನಕ್ಷೆಗೆ ಹೊಂದಿಸಿ, ವಿಶ್ವ ಹಿಗ್ಗುವ ವೇಗ ಲೆಕ್ಕ ಹಾಕುತ್ತಾರೆ.

ಇದೆಲ್ಲ ಮೂರನೇ ಪತ್ರದಲ್ಲೇ ಇತ್ತು. ಅದಕ್ಕೆ ನಿಮ್ಮ ಕಡೆಯಿಂದ ಫೋನು ಬಂತು. "ಸರ್, ಗ್ಯಾಲಕ್ಸಿ ಅಂದ್ರೆ ಯಾವ ಅಪಾರ್ಟ್‌ಮೆಂಟು? ಅಲ್ಲಿಗೆ ಬೆಳಕು ಸಾಲುವುದಿಲ್ವಾ?" ವಾರದೊಳಗೆ ಲಾರಿ ಬಂತು. ಇನ್ನೂ ಎರಡು ಬಲ್ಬು ಹಾಕಿದರು. ನನ್ನ ಕೈಗೇ ತೆಂಗಿನಕಾಯಿ ಕೊಟ್ಟು ಒಡೆಸಿ, ಫೋಟೋ ತೆಗೆದರು ಮಾರಾಯ್ರೆ! ಬಲ್ಬು ಹತ್ತಿದಾಗ ಚಪ್ಪಾಳೆ ಬೇರೆ.

ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಇಂಥ ಗುರುತ್ವ ಅಲೆ ಹಿಡಿಯಲು ಕಟ್ಟುವ ಲೈಗೋ-ಇಂಡಿಯಾ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2023ರಲ್ಲಿ ಸುಮಾರು 2,600 ಕೋಟಿ ರೂಪಾಯಿ ಒಪ್ಪಿದೆ. ನಾನು ಕೇಳುತ್ತಿರುವುದು ತಗಡಿನ ಮುಚ್ಚಳ. ಮುಚ್ಚಳ!

ಬಯಲಾಟ ಇರುವ ರಾತ್ರಿ ಧಾರಾಳ ಉರಿಸಿ, ನಾನೂ ಚಾಪೆ ಹಿಡಿದು ಬರುತ್ತೇನೆ. ಉಳಿದ ದಿನ ಹತ್ತರ ಮೇಲೆ ಆರಿಸಿ. ಆಗದಿದ್ದರೆ ಮುಚ್ಚಳ ಹಾಕಿಸಿ. ಏಪ್ರಿಲ್ ಬರುವುದರೊಳಗೆ ಹಾಕಿಸಿ. ಫೋಟೋಕ್ಕೆ ನಿಲ್ಲುತ್ತೇನೆ. ತೆಂಗಿನಕಾಯಿಯೂ ಈ ಸಲ ನಮ್ಮ ತೋಟದ್ದೇ.

ಇತಿ,
ಮೈದಾನದ ಪಕ್ಕದ ಮನೆಯವ